ಡೊರ್ನುಮ್: ಕಿಟ್ಟೆಲ್ ಹುಟ್ಟಿದ ನೆಲ, ಕಡಲೊಡ್ಡಿನ ಹಿಂದಿನ ಊರು

ಫರ್ಡಿನಾಂಡ್ ಕಿಟ್ಟೆಲ್ ಅವರ ನಿಘಂಟನ್ನು ಬಿಡಿಸಿ ನೋಡಿದ ಕನ್ನಡಿಗರಿಗೆ ಅವರು ಜರ್ಮನಿಯವರು ಎಂಬುದು ಗೊತ್ತಿರುತ್ತದೆ. ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1853ರಲ್ಲಿ ಭಾರತಕ್ಕೆ ಬಂದು, ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಇದ್ದು, ಸುಮಾರು 70,000 ಪದಗಳ ಆ ಮಹಾ ನಿಘಂಟನ್ನು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು ಎಂಬುದನ್ನೂ ಶಾಲೆಯಲ್ಲಿ ಓದಿರುತ್ತೇವೆ. ಆದರೆ ಅವರು ಹುಟ್ಟಿದ ಊರು ಎಂಥದ್ದು, ಅಲ್ಲಿಯ ಜನ ಹೇಗೆ ಬಾಳುತ್ತಾರೆ, ತಮ್ಮ ಊರನ್ನು ಹೇಗೆ ಆಳಿಕೊಳ್ಳುತ್ತಾರೆ ಎಂದು ನಾನು ಬಹಳ ವರ್ಷ ಕೇಳಿಕೊಂಡಿರಲಿಲ್ಲ. ಜರ್ಮನಿಯ ವಾಯವ್ಯ ಮೂಲೆಯಲ್ಲಿ, ಉತ್ತರ ಸಮುದ್ರದ ದಡದಲ್ಲಿರುವ ರೆಸ್ಟರ್‌ಹಾಫೆ ಎಂಬ ಪುಟ್ಟ ಹಳ್ಳಿಯಲ್ಲಿ, ಅಲ್ಲಿನ ಪಾದ್ರಿಯ ಮಗನಾಗಿ, ಅವರು 1832ರ ಏಪ್ರಿಲ್‌ನಲ್ಲಿ ಹುಟ್ಟಿದರು. ಆ ಹಳ್ಳಿ ಇಂದು ಡೊರ್ನುಮ್ ಎಂಬ ಗೆಮೈಂಡೆಯ ಒಂದು ಭಾಗ. ಗೆಮೈಂಡೆ ಎಂದರೆ ಜರ್ಮನಿಯ ಆಡಳಿತದ ಅತ್ಯಂತ ಕೆಳಗಿನ ಘಟಕ, ನಮ್ಮ ಗ್ರಾಮ ಪಂಚಾಯಿತಿಯ ಜಾಗದಲ್ಲಿ ನಿಲ್ಲುವಂಥದ್ದು.

ಕಿಟ್ಟೆಲ್ ಅವರನ್ನು ಹುಡುಕಿಕೊಂಡು ಒಂದು ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋದೆ. ಎರಡು ದಿನ ಕಳೆಯುವಷ್ಟರಲ್ಲಿ ಊರೇ ನನ್ನನ್ನು ಹಿಡಿದುಕೊಂಡಿತು. ಈ ಬರಹದಲ್ಲಿ ನಿಘಂಟಿನ ಮಾತು ಕಡಿಮೆ, ಆ ಊರಿನ ನೆಲ, ನೀರು ಮತ್ತು ಆಡಳಿತದ ಮಾತೇ ಹೆಚ್ಚು.

ಡೊರ್ನುಮ್ ಇರುವುದು ಓಸ್ಟ್‌ಫ್ರೀಸ್‌ಲಾಂಡ್ ಎಂಬ ಸೀಮೆಯಲ್ಲಿ, ಎಂದರೆ ಪೂರ್ವ ಫ್ರೀಸಿಯಾದಲ್ಲಿ. ರಾಜ್ಯ ನೀಡರ್‌ಸಾಕ್ಸೆನ್, ಜಿಲ್ಲೆ ಔರಿಶ್. ಸುಮಾರು 77 ಚದರ ಕಿಲೋಮೀಟರ್ ವಿಸ್ತಾರದಲ್ಲಿ ಸುಮಾರು 4,500 ಜನ ಹತ್ತಾರು ಹಳ್ಳಿಗಳಲ್ಲಿ ಚದುರಿಕೊಂಡು ಬದುಕುತ್ತಾರೆ. ಈ ಹಳ್ಳಿಗಳ ಹೆಸರುಗಳನ್ನು ಗಮನವಿಟ್ಟು ಓದಿದರೆ ಅಲ್ಲಿಯ ಭೂಗೋಳ ಅರ್ಧ ಅರ್ಥವಾದಂತೆ. ಡೊರ್ನುಮ್, ವೆಸ್ಟರಾಕ್ಕುಮ್ ಎಂಬಲ್ಲಿಯ ‘ಉಮ್’ ಎಂಬುದು ಮನೆ, ನೆಲೆ ಎಂಬ ಅರ್ಥದ ‘ಹೈಮ್’ ಎಂಬ ಪದ ಫ್ರೀಸಿಯನ್ನರ ಬಾಯಲ್ಲಿ ಸವೆದು ಉಳಿದ ರೂಪ. ಇಂಥ ಹೆಸರಿನವು ಹಳೆಯ ಊರುಗಳು. ಡೊರ್ನುಮರ್‌ಗ್ರೋಡೆ ಎಂಬಲ್ಲಿಯ ‘ಗ್ರೋಡೆ’ ಸಮುದ್ರದಿಂದ ಗೆದ್ದುಕೊಂಡ ಹೊಸ ನೆಲವನ್ನು ಸೂಚಿಸುತ್ತದೆ. ಡೊರ್ನುಮರ್‌ಜೀಲ್, ನೆಸ್ಮರ್‌ಜೀಲ್, ವೆಸ್ಟರಾಕ್ಕುಮರ್‌ಜೀಲ್ ಎಂಬಲ್ಲಿಯ ‘ಜೀಲ್’ ಎಂದರೆ ತೂಬು. ಕೆರೆಯ ಏರಿಯಲ್ಲಿ ನೀರು ಬಿಡಲು ತೂಬು ಇರುವ ಹಾಗೆ ಇಲ್ಲಿ ಸಮುದ್ರದ ಒಡ್ಡಿನಲ್ಲಿ ತೂಬು. ವ್ಯತ್ಯಾಸವೆಂದರೆ ಇಲ್ಲಿ ನೀರನ್ನು ಕೂಡಿಡುವುದಕ್ಕಲ್ಲ, ಹೊರಗಟ್ಟುವುದಕ್ಕೆ ಈ ಏರ್ಪಾಡು.

ಇದನ್ನು ಕೊಂಚ ಬಿಡಿಸಿ ಹೇಳಬೇಕು, ಏಕೆಂದರೆ ಇದು ತಿಳಿಯದೆ ಡೊರ್ನುಮಿನ ಇತಿಹಾಸವಾಗಲಿ ಆಡಳಿತವಾಗಲಿ ಅರ್ಥವಾಗುವುದಿಲ್ಲ. ಓಸ್ಟ್‌ಫ್ರೀಸ್‌ಲಾಂಡಿನಲ್ಲಿ ನೆಲ ಎರಡು ಬಗೆ. ಒಳನಾಡಿನ ಕಡೆಗೆ ಹಿಮಯುಗ ಬಿಟ್ಟುಹೋದ ಮರಳಿನ ಎತ್ತರದ ನೆಲ, ಅದಕ್ಕೆ ಗೀಸ್ಟ್ ಎನ್ನುತ್ತಾರೆ. ಅದು ಬಡ ನೆಲ, ಆದರೆ ಒಣ ನೆಲ. ಕಡಲ ಕಡೆಗೆ ಸಾವಿರಾರು ವರ್ಷಗಳ ಭರತ ಇಳಿತಗಳು ಹೊತ್ತು ತಂದು ಹಾಸಿದ ಜೇಡಿಯ ತಗ್ಗು ನೆಲ, ಅದಕ್ಕೆ ಮಾರ್ಶ್ ಎನ್ನುತ್ತಾರೆ. ಮಾರ್ಶ್ ಬಹಳ ಫಲವತ್ತಾದದ್ದು, ಹುಲ್ಲು ದಟ್ಟವಾಗಿ ಬೆಳೆಯುತ್ತದೆ, ಹಾಲಿನ ಹಸುಗಳು ಮೈದುಂಬಿಕೊಂಡಿರುತ್ತವೆ. ಆದರೆ ಒಡ್ಡು ಇಲ್ಲದಿದ್ದರೆ ದೊಡ್ಡ ಬಿರುಗಾಳಿಯ ಭರತದಲ್ಲಿ ಅದಷ್ಟೂ ಸಮುದ್ರದ ಪಾಲು. ಒಡ್ಡು ಕಟ್ಟುವ ಮೊದಲು ಇಲ್ಲಿಯ ಜನ ಗೊಬ್ಬರ, ಜೇಡಿ, ಕಸಕಡ್ಡಿ ಎಲ್ಲವನ್ನೂ ರಾಶಿ ಹಾಕಿ ದಿಬ್ಬಗಳನ್ನು ಎಬ್ಬಿಸಿ ಅವುಗಳ ಮೇಲೆ ಮನೆ ಕಟ್ಟಿಕೊಂಡರು. ವುರ್ಟ್ ಅಥವಾ ವಾರ್ಫ್ಟ್ ಎಂದು ಕರೆಯುವ ಈ ದಿಬ್ಬಗಳು ತಲೆಮಾರಿನಿಂದ ತಲೆಮಾರಿಗೆ ಎತ್ತರವಾಗುತ್ತ ಹೋದವು. ಡೊರ್ನುಮ್ ಗೆಮೈಂಡೆಗೆ ಸೇರಿದ ನೆಸ್ಸೆ ಎಂಬ ಹಳ್ಳಿ ಇಂಥದೇ ಒಂದು ಉದ್ದನೆಯ ದಿಬ್ಬದ ಮೇಲಿದೆ. ಮಧ್ಯಯುಗದ ಆರಂಭದಲ್ಲಿ ಅದು ಹಡಗುಗಳು ಬಂದು ಹೋಗುತ್ತಿದ್ದ ವ್ಯಾಪಾರದ ನೆಲೆಯಾಗಿತ್ತು. ಇಂದು ನೆಸ್ಸೆಯ ಬೀದಿಯಲ್ಲಿ ನಿಂತವರಿಗೆ ಕಡಲು ಕಾಣುವುದೇ ಇಲ್ಲ.

ಸುಮಾರು ಸಾವಿರ ವರ್ಷದ ಹಿಂದೆ ಜನ ದಿಬ್ಬದಿಂದ ದಿಬ್ಬಕ್ಕೆ, ಊರಿಂದ ಊರಿಗೆ ಒಡ್ಡು ಕಟ್ಟತೊಡಗಿದರು. ಹಳ್ಳಿಗಳ ಒಡ್ಡುಗಳು ಕೂಡಿಕೊಂಡು ಕರಾವಳಿಯ ಉದ್ದಕ್ಕೂ ಒಂದೇ ಒಡ್ಡಾಯಿತು. ಈಗ ಕಡಲ ಕಡೆಗೆ ಇಳಿಜಾರಾಗಿ, ಎಂಟು ಮೀಟರಿನಷ್ಟು ಎತ್ತರಕ್ಕೆ, ಹಸಿರು ಹುಲ್ಲು ಹೊದ್ದು ಅದು ಮಲಗಿದೆ. ಅದರ ಮೇಲೆ ಕುರಿಗಳು ಮೇಯುತ್ತಿರುತ್ತವೆ. ಮೊದಲ ನೋಟಕ್ಕೆ ಇದು ಚಿತ್ರದಂತೆ ಕಾಣುತ್ತದೆ, ಆದರೆ ಕುರಿಗಳು ಅಲ್ಲಿರುವುದು ಕೆಲಸಕ್ಕಾಗಿ. ಅವು ಹುಲ್ಲನ್ನು ಬುಡದ ತನಕ ಕಚ್ಚಿ ಮೇಯುವುದರಿಂದ ಹುಲ್ಲಿನ ಬೇರು ಹೆಣೆದುಕೊಂಡು ಗಟ್ಟಿಯಾಗುತ್ತದೆ, ಅವುಗಳ ಪುಟ್ಟ ಗೊರಸು ಮಣ್ಣನ್ನು ಸಮನಾಗಿ ತುಳಿದು ಕೂರಿಸುತ್ತದೆ. ಹಸು ತುಳಿದರೆ ಮಣ್ಣು ಕಿತ್ತು ಬರುತ್ತದೆ. ಒಂದು ಇಲಿಯ ಬಿಲವೂ ಬಿರುಗಾಳಿಯ ರಾತ್ರಿ ಒಡ್ಡಿಗೆ ಬಿರುಕಾಗಬಲ್ಲದು ಎಂಬ ಎಚ್ಚರ ಇಲ್ಲಿಯವರ ರಕ್ತದಲ್ಲಿದೆ.

ಒಡ್ಡು ಕಟ್ಟಿದ ಮೇಲೆ ಮತ್ತೊಂದು ತೊಂದರೆ ಎದ್ದಿತು. ಒಳಗೆ ಬಿದ್ದ ಮಳೆ ನೀರು ಹೊರಗೆ ಹೋಗಬೇಕಲ್ಲ. ಅದಕ್ಕೇ ತೂಬುಗಳು. ಹಳೆಯ ಜೀಲ್‌ನ ಕದಗಳು ಮನುಷ್ಯರ ಕೈಯಿಲ್ಲದೆ ಕೆಲಸ ಮಾಡುತ್ತಿದ್ದವು: ಭರತ ಬಂದಾಗ ಕಡಲ ನೀರಿನ ಒತ್ತಡವೇ ಕದಗಳನ್ನು ಮುಚ್ಚುತ್ತಿತ್ತು, ಇಳಿತದಲ್ಲಿ ಹೊರಗಿನ ನೀರು ತಗ್ಗಿದಾಗ ಒಳಗಿನ ನೀರೇ ಅವನ್ನು ತಳ್ಳಿ ತೆರೆದು ಹರಿದುಹೋಗುತ್ತಿತ್ತು. ಈಗ ಅದರ ಜೊತೆಗೆ ಪಂಪುಗಳಿವೆ. ಒಳನಾಡಿನ ಕಾಲುವೆಗಳೆಲ್ಲ ಬಂದು ಸೇರುವ ಈ ತೂಬಿನ ಬಾಯಲ್ಲೇ ದೋಣಿಗಳಿಗೆ ಬಂದರುಗಳಾದವು, ಬಂದರಿನ ಸುತ್ತ ಹಳ್ಳಿಗಳಾದವು. ಡೊರ್ನುಮರ್‌ಜೀಲ್ ಮತ್ತು ವೆಸ್ಟರಾಕ್ಕುಮರ್‌ಜೀಲ್ ಹಾಗೆ ಒಂದೇ ಬಂದರಿನ ಬಳಿ ಅಕ್ಕಪಕ್ಕ ಹುಟ್ಟಿಕೊಂಡ ಹಳ್ಳಿಗಳು. ಮಂಗಳೂರಿನಲ್ಲೋ ಧಾರವಾಡದಲ್ಲೋ ಕುಳಿತು ‘ತೂಬು’ ಎಂಬ ಪದಕ್ಕೆ ಅರ್ಥ ಬರೆಯುವಾಗ ಕಿಟ್ಟೆಲ್ ಅವರಿಗೆ ಬಾಲ್ಯದಲ್ಲಿ ಕಂಡ ಈ ಕದಗಳು ನೆನಪಾಗಿದ್ದವೇ ಎಂಬ ಪ್ರಶ್ನೆ ಆ ಬಂದರಿನ ಕಟ್ಟೆಯ ಮೇಲೆ ಕುಳಿತಾಗ ನನ್ನನ್ನು ಬಿಡದೆ ಕಾಡಿತು.

ಒಡ್ಡಿನ ಆಚೆಗೆ ವಾಟ್. ದಿನಕ್ಕೆರಡು ಬಾರಿ ಕಡಲು ಹಿಂದೆ ಸರಿದಾಗ ಕಿಲೋಮೀಟರುಗಟ್ಟಲೆ ತೆರೆದುಕೊಳ್ಳುವ ಬೂದು ಬಣ್ಣದ ಕೆಸರು ಬಯಲು ಅದು. ನೀಡರ್‌ಸಾಕ್ಸೆನ್ ರಾಜ್ಯ 1986ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿತು, 2009ರಲ್ಲಿ ಜರ್ಮನಿ ಮತ್ತು ನೆದರ್‌ಲ್ಯಾಂಡ್ಸಿನ ವಾಟ್ ಪ್ರದೇಶ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದರಾಚೆಗೆ, ನೆಸ್ಮರ್‌ಜೀಲ್‌ಗೆ ಎದುರಾಗಿ, ಬಾಲ್ಟ್ರುಮ್ ದ್ವೀಪ. ಪೂರ್ವ ಫ್ರೀಸಿಯಾದ ಜನವಸತಿಯ ಏಳು ದ್ವೀಪಗಳಲ್ಲಿ ಅದೇ ಚಿಕ್ಕದು. ಇಳಿತದ ವೇಳೆ ಮಾರ್ಗದರ್ಶಕರೊಡನೆ ನೆಸ್ಮರ್‌ಜೀಲ್‌ನಿಂದ ಬಾಲ್ಟ್ರುಮಿಗೆ ಕೆಸರಿನಲ್ಲಿ ನಡೆದೇ ಹೋಗಬಹುದು. ಒಂಟಿಯಾಗಿ ಹೋಗುವುದು ಸಾವಿನ ಜೊತೆ ಆಡಿದಂತೆ, ಏಕೆಂದರೆ ನೀರು ಹಿಂತಿರುಗುವಾಗ ಮುಂದಿನಿಂದಷ್ಟೇ ಅಲ್ಲ, ಹಿಂದಿನ ಕಾಲುವೆಗಳಿಂದಲೂ ತುಂಬಿಕೊಂಡು ಬರುತ್ತದೆ.

ಈ ಒಡ್ಡಿನಿಂದಲೇ ಇಲ್ಲಿಯ ಸ್ವಯಮಾಡಳಿತ ಹುಟ್ಟಿತು ಎಂಬುದು ನನಗೆ ಅಲ್ಲಿ ಮನದಟ್ಟಾದ ಸಂಗತಿ. ಒಬ್ಬನ ಪಾಲಿನ ಒಡ್ಡು ಒಡೆದರೆ ಎಲ್ಲರ ಹೊಲವೂ ಮುಳುಗುತ್ತದೆ. ಆದ್ದರಿಂದ ಯಾರು ಎಷ್ಟು ಉದ್ದದ ಒಡ್ಡನ್ನು ಕಾಯಬೇಕು, ಎಷ್ಟು ಮಣ್ಣು ಹೊರಬೇಕು, ಮಾಡದವನಿಗೆ ಏನು ದಂಡ ಎಂಬುದನ್ನು ಊರವರು ಕೂಡಿಯೇ ನಿರ್ಧರಿಸಬೇಕಾಯಿತು. ಪ್ರತಿ ರೈತನಿಗೂ ಅವನ ಭೂಮಿಗೆ ತಕ್ಕಂತೆ ಒಡ್ಡಿನ ಒಂದು ತುಂಡು ಪಾಲಿಗೆ ಬರುತ್ತಿತ್ತು. ಅದನ್ನು ನೋಡಿಕೊಳ್ಳಲು ಆಗದವನು ತನ್ನ ಸನಿಕೆಯನ್ನು ಒಡ್ಡಿಗೆ ಚುಚ್ಚಿ ನಿಲ್ಲಿಸಿ ಮನೆ ಹೊಲ ಬಿಟ್ಟು ಹೊರಡಬೇಕಿತ್ತು. ಆ ಸನಿಕೆಯನ್ನು ಕಿತ್ತವನಿಗೆ ಅವನ ಭೂಮಿಯೂ ಸೇರುತ್ತಿತ್ತು, ಒಡ್ಡಿನ ಹೊರೆಯೂ ಸೇರುತ್ತಿತ್ತು. ಇದಕ್ಕೆ ಸನಿಕೆಯ ಕಾನೂನು ಎಂದೇ ಹೆಸರು. ‘ಒಡ್ಡು ಕಟ್ಟಲೊಲ್ಲದವನು ಊರು ಬಿಡಬೇಕು’ ಎಂಬ ಅರ್ಥದ ಗಾದೆ ಇಂದಿಗೂ ಆ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು. ಕ್ರೂರವಾದ ಕಟ್ಟಳೆ ಎನಿಸಿದರೂ, ಅದರಲ್ಲಿ ರಾಜನ ಅಪ್ಪಣೆಯಿಲ್ಲ, ನೆರೆಹೊರೆಯವರು ತಮಗೆ ತಾವೇ ಹಾಕಿಕೊಂಡ ಕಟ್ಟು ಇದೆ ಎಂಬುದನ್ನು ಗಮನಿಸಬೇಕು.

ಮಧ್ಯಯುಗದ ಯುರೋಪಿನಲ್ಲಿ ಹೆಚ್ಚಿನ ರೈತರು ಯಾವುದೋ ಒಡೆಯನ ಆಳಾಗಿದ್ದಾಗ ಫ್ರೀಸಿಯನ್ನರು ತಮಗೆ ಒಡೆಯರೇ ಇಲ್ಲವೆಂದು ಹೇಳಿಕೊಳ್ಳುತ್ತಿದ್ದರು. ಇದನ್ನು ಫ್ರೀಸಿಯನ್ ಸ್ವಾತಂತ್ರ್ಯ ಎನ್ನುತ್ತಾರೆ. ಬೇರೆ ಬೇರೆ ಸೀಮೆಗಳ ಪ್ರತಿನಿಧಿಗಳು ಔರಿಶ್ ಬಳಿಯ ಉಪ್‌ಸ್ಟಾಲ್ಸ್‌ಬೋಮ್ ಎಂಬ ದಿಬ್ಬದ ಮೇಲೆ ಸಭೆ ಸೇರುತ್ತಿದ್ದರು. ಹದಿನಾಲ್ಕನೆಯ ಶತಮಾನದಲ್ಲಿ ಈ ವ್ಯವಸ್ಥೆ ಸಡಿಲವಾಗಿ, ಬಲಿಷ್ಠ ಮನೆತನಗಳು ತಲೆಯೆತ್ತಿ, ಅವರ ಯಜಮಾನರು ನಾಯಕರಾದರು, ನಮ್ಮ ಪಾಳೆಯಗಾರರ ಹಾಗೆ. ಡೊರ್ನುಮ್ ಇಂಥ ನಾಯಕರ ದೊಡ್ಡ ನೆಲೆಯಾಯಿತು. ಇಷ್ಟು ಸಣ್ಣ ಊರಿನಲ್ಲಿ ಮೂರು ಕೋಟೆಗಳು ಎದ್ದವು. ಈಗ ಉಳಿದಿರುವುದು ಎರಡು: ಬೆನಿಂಗಾಬುರ್ಗ್ ಮತ್ತು ಸುತ್ತ ಕಂದಕವಿರುವ ನೋರ್ಡರ್‌ಬುರ್ಗ್. ಈ ಎರಡನೆಯದು ಮುಂದೆ ಅರಮನೆಯ ರೂಪ ಪಡೆದು, ಇಪ್ಪತ್ತನೆಯ ಶತಮಾನದಲ್ಲಿ ಶಾಲೆಯಾಯಿತು. ನಾಯಕರ ಮನೆಯ ಕಂದಕದ ಸೇತುವೆಯನ್ನು ದಾಟಿ ರೈತರ ಮಕ್ಕಳು ಪಾಠಕ್ಕೆ ಹೋದರು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಆ ನಾಯಕರ ಕಾಲದ ಒಂದು ರಕ್ತಸಿಕ್ತ ಕತೆಯನ್ನು ಊರಲ್ಲಿ ಇಂದಿಗೂ ಹೇಳುತ್ತಾರೆ. ಡೊರ್ನುಮಿನ ಲ್ಯೂಟೆಟ್ ಆಟೆನಾ ಎಂಬಾತ ಟೋಮ್ ಬ್ರೋಕ್ ಮನೆತನದ ಓಕಾಳನ್ನು ಮದುವೆಯಾಗಿದ್ದ. ಹೆಂಡತಿಯ ನಡತೆಯ ಬಗ್ಗೆ ಅತ್ತೆ ಫೋಲ್ಕೆ ಕಂಪಾನಾಳ ಬಳಿ ದೂರು ಹೇಳಿದಾಗ, ಬೇಕಾದ್ದು ಮಾಡಿಕೋ ಎಂದು ಅವಳು ಹೇಳಿದಳಂತೆ. ಆತ ಓಕಾಳನ್ನು ಕೊಂದ. ಅದೇ ಅತ್ತೆ ಬಳಿಕ ಪಡೆ ಕಟ್ಟಿಕೊಂಡು ಬಂದು ಕೋಟೆಗೆ ಮುತ್ತಿಗೆ ಹಾಕಿ, ಅಳಿಯನನ್ನೂ ಅವನ ತಂದೆಯನ್ನೂ ಹಿಡಿದು ತಲೆ ಕಡಿಸಿದಳು ಎನ್ನುತ್ತದೆ ಕತೆ. ಫೋಲ್ಕೆಗೆ ‘ಕೆಟ್ಟ ಫೋಲ್ಕೆ’ ಎಂಬ ಹೆಸರು ಅಂಟಿಕೊಂಡಿತು. ಇದರಲ್ಲಿ ದಂತಕಥೆ ಎಷ್ಟೇ ಇರಲಿ, ಸ್ವತಂತ್ರ ರೈತರ ನಾಡು ಮನೆತನಗಳ ಜಗಳದ ನಾಡಾದದ್ದಂತೂ ನಿಜ. 1464ರಲ್ಲಿ ಚಿರ್ಕ್‌ಸೆನಾ ಮನೆತನದ ಉಲ್ರಿಕ್‌ಗೆ ಚಕ್ರವರ್ತಿ ಕೌಂಟ್ ಪದವಿ ಕೊಟ್ಟ ಮೇಲೆ ಓಸ್ಟ್‌ಫ್ರೀಸ್‌ಲಾಂಡ್ ಒಂದೇ ಆಳ್ವಿಕೆಗೆ ಬಂದಿತು. ಆದರೂ ಡೊರ್ನುಮ್ ತನ್ನದೇ ನ್ಯಾಯಾಧಿಕಾರವಿದ್ದ ಒಂದು ಪುಟ್ಟ ಸಂಸ್ಥಾನವಾಗಿ ಮುಂದುವರಿಯಿತು.

ಆ ಸಂಸ್ಥಾನದ ಕಾಲದ ಎರಡು ವಸ್ತುಗಳನ್ನು ಮಾತ್ರ ಹೇಳುತ್ತೇನೆ. ಒಂದು, 1626ರಲ್ಲಿ ಕಟ್ಟಿದ ಮರದ ಗಾಳಿಗಿರಣಿ. ಒಂದೇ ದಪ್ಪ ಕಂಬದ ಮೇಲೆ ಇಡೀ ಗಿರಣಿಯ ಮನೆಯೇ ಗಾಳಿಯ ದಿಕ್ಕಿಗೆ ತಿರುಗುವ ಈ ಬಗೆಯದು ಪೂರ್ವ ಫ್ರೀಸಿಯಾದಲ್ಲಿ ಇದೊಂದೇ ಉಳಿದಿದೆ. ಇನ್ನೊಂದು, ದಿಬ್ಬದ ಮೇಲಿರುವ ಸಂತ ಬಾರ್ಥಲೋಮಿಯೋ ಚರ್ಚಿನಲ್ಲಿ ಗೆರ್ಹಾರ್ಟ್ ಫೋನ್ ಹೋಲಿ ಎಂಬ ಕುಶಲಿ 1710–11ರಲ್ಲಿ ಕಟ್ಟಿದ ಆರ್ಗನ್. ಮೂರು ಶತಮಾನದ ನಂತರವೂ ಅದು ನುಡಿಯುತ್ತದೆ. ಮಾರ್ಶ್‌ನ ರೈತರ ಕೈಯಲ್ಲಿ ಎಷ್ಟು ಸಂಪತ್ತಿತ್ತು ಎಂಬುದನ್ನು ಇಂಥ ಹಳ್ಳಿಯ ಚರ್ಚುಗಳೇ ಹೇಳುತ್ತವೆ.

ಆ ಆರ್ಗನ್ ಹೊಸದಾಗಿದ್ದಾಗಲೇ ದೊಡ್ಡ ಅನಾಹುತ ಬಂತು. 1717ರ ಡಿಸೆಂಬರ್ 24ರ ರಾತ್ರಿ, ಕ್ರಿಸ್‌ಮಸ್ ಹಬ್ಬಕ್ಕೆ ಜನ ಮಲಗಿದ್ದ ಹೊತ್ತಿನಲ್ಲಿ, ವಾಯವ್ಯದ ಬಿರುಗಾಳಿ ಸಮುದ್ರವನ್ನು ಒಡ್ಡಿನ ಮೇಲೆ ಎತ್ತಿ ಎಸೆಯಿತು. ಕರಾವಳಿಯ ಉದ್ದಕ್ಕೂ ಒಡ್ಡುಗಳು ಒಡೆದವು. ಓಸ್ಟ್‌ಫ್ರೀಸ್‌ಲಾಂಡ್ ಒಂದರಲ್ಲೇ 2,700ಕ್ಕೂ ಹೆಚ್ಚು ಜನ ಸತ್ತರು. ಉಪ್ಪು ನೀರು ನಿಂತ ಹೊಲಗಳು ಬೆಳೆ ಕೊಡಲಿಲ್ಲ, ಒಡ್ಡು ಮತ್ತೆ ಕಟ್ಟಲು ವರ್ಷಗಳೇ ಬೇಕಾದವು, ಅದಕ್ಕೆ ಸಾಲ ಮಾಡಬೇಕಾಯಿತು. ಆ ಹಣ, ಆ ತೆರಿಗೆ ಯಾರ ಕೈಯಲ್ಲಿರಬೇಕು ಎಂಬ ವಿವಾದ ನಾಡನ್ನಾಳುತ್ತಿದ್ದ ಅರಸನಿಗೂ ನಾಡಿನ ಪ್ರತಿನಿಧಿ ಸಭೆಗೂ ನಡುವೆ ಬೆಳೆದು 1720ರ ದಶಕದಲ್ಲಿ ಅಂತರ್ಯುದ್ಧಕ್ಕೇ ತಿರುಗಿತು. ಈ ಪ್ರತಿನಿಧಿ ಸಭೆಯಲ್ಲಿ ಶ್ರೀಮಂತರು ಮತ್ತು ಪಟ್ಟಣದವರ ಜೊತೆ ರೈತರೂ ಮೂರನೆಯ ವರ್ಗವಾಗಿ ಕೂರುತ್ತಿದ್ದರು. ಅಂದಿನ ಜರ್ಮನಿಯಲ್ಲಿ ಇದು ಅಪರೂಪ. 1744ರಲ್ಲಿ ಚಿರ್ಕ್‌ಸೆನಾ ಮನೆತನದ ಕೊನೆಯ ಅರಸ ಮಕ್ಕಳಿಲ್ಲದೆ ತೀರಿಕೊಂಡಾಗ ನಾಡು ಪ್ರಷ್ಯ ಎಂಬ ಜರ್ಮನ್ ರಾಜ್ಯದ ಪಾಲಾಯಿತು, ನೆಪೋಲಿಯನ್ನನ ಗದ್ದಲದ ನಂತರ 1815ರಲ್ಲಿ ಹಾನೋವರ್ ರಾಜ್ಯಕ್ಕೆ ಸೇರಿತು, 1866ರಲ್ಲಿ ಮತ್ತೆ ಪ್ರಷ್ಯಕ್ಕೆ. ಎಂದರೆ ಕಿಟ್ಟೆಲ್ ಹುಟ್ಟುವಾಗ ಅದು ಹಾನೋವರಿನ ಪ್ರಜೆಗಳ ಹಳ್ಳಿ. ಜರ್ಮನಿ ಎಂಬ ಒಂದು ದೇಶ ಆಗಿನ್ನೂ ಇರಲಿಲ್ಲ.

ಡೊರ್ನುಮಿನ ಒಂದು ಸಣ್ಣ ಇಟ್ಟಿಗೆಯ ಕಟ್ಟಡದ ಮುಂದೆ ನಾನು ಕೋಟೆಗಳ ಮುಂದೆ ನಿಂತದ್ದಕ್ಕಿಂತ ಹೆಚ್ಚು ಹೊತ್ತು ನಿಂತೆ. ಅದು 1841ರಲ್ಲಿ ಇಲ್ಲಿಯ ಯಹೂದಿಗಳು ಕಟ್ಟಿಕೊಂಡ ಪ್ರಾರ್ಥನಾ ಮಂದಿರ. 1938ರ ನವೆಂಬರ್ 9ರ ರಾತ್ರಿ ಜರ್ಮನಿಯ ಉದ್ದಗಲಕ್ಕೂ ನಾಜಿಗಳು ಇಂಥ ಮಂದಿರಗಳಿಗೆ ಬೆಂಕಿಯಿಟ್ಟಾಗ ಇದು ಉಳಿಯಿತು, ಏಕೆಂದರೆ ಅದಕ್ಕೆ ಕೆಲವೇ ದಿನ ಮೊದಲು ಅದನ್ನು ಊರಿನ ಒಬ್ಬ ಬಡಗಿಗೆ ಮಾರಲಾಗಿತ್ತು. ಕಟ್ಟಡ ಉಳಿಯಿತು, ಅದರಲ್ಲಿ ಪ್ರಾರ್ಥಿಸುತ್ತಿದ್ದ ಜನ ಉಳಿಯಲಿಲ್ಲ. 1940ರ ಆರಂಭದಲ್ಲಿ ಓಸ್ಟ್‌ಫ್ರೀಸ್‌ಲಾಂಡಿನಲ್ಲಿ ಉಳಿದಿದ್ದ ಯಹೂದಿಗಳಿಗೆಲ್ಲ ಊರು ಬಿಡುವಂತೆ ಆಜ್ಞೆಯಾಯಿತು. ವಲಸೆ ಹೋಗಲಾಗದವರಲ್ಲಿ ಅನೇಕರನ್ನು ಮುಂದೆ ಪೂರ್ವದ ಹತ್ಯಾಶಿಬಿರಗಳಲ್ಲಿ ಕೊಂದರು. ದಶಕಗಳ ಕಾಲ ಉಗ್ರಾಣವಾಗಿದ್ದ ಆ ಮಂದಿರವನ್ನು 1990ರ ದಶಕದ ಆರಂಭದಲ್ಲಿ ದುರಸ್ತಿ ಮಾಡಿ ಸ್ಮಾರಕವಾಗಿ ತೆರೆದರು. ಊರಿನ ಹೆಮ್ಮೆಯ ಕತೆಗಳ ನಡುವೆ ಇದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳುವುದು ಅಗತ್ಯ. ಒಡ್ಡು ಒಡೆದಾಗ ಒಟ್ಟಾಗುತ್ತಿದ್ದ ನೆರೆಹೊರೆ, ತನ್ನದೇ ಬೀದಿಯ ಮನೆಗಳ ಮೇಲೆ ದಾಳಿಯಾದಾಗ ಒಟ್ಟಾಗಲಿಲ್ಲ.

ಅದೇ ಕಾಲದಲ್ಲಿ ಊರಿನ ಸ್ವಯಮಾಡಳಿತವೂ ಸತ್ತಿತ್ತು. 1935ರ ಕಾನೂನು ಜರ್ಮನಿಯ ಎಲ್ಲ ಗೆಮೈಂಡೆಗಳಲ್ಲಿ ಚುನಾಯಿತ ಸಭೆಯ ಅಧಿಕಾರವನ್ನು ಕಿತ್ತುಹಾಕಿ, ಮೇಲಿನಿಂದ ನೇಮಿಸಿದ ಅಧ್ಯಕ್ಷನೊಬ್ಬನ ಕೈಗೆ ಎಲ್ಲವನ್ನೂ ಕೊಟ್ಟಿತು. ಎರಡನೆಯ ಮಹಾಯುದ್ಧದ ನಂತರ ಈ ಭಾಗ ಬ್ರಿಟಿಷರ ವಶದಲ್ಲಿತ್ತು. 1946ರ ಸೆಪ್ಟೆಂಬರಿನಲ್ಲಿ ಅವರು ಗೆಮೈಂಡೆಗಳಿಗೆ ಮತ್ತೆ ಚುನಾವಣೆ ನಡೆಸಿದರು. ಒಬ್ಬನ ಕೈಯಲ್ಲಿ ಅಧಿಕಾರ ಕೂಡಬಾರದೆಂದು ತಮ್ಮ ದೇಶದ ಮಾದರಿಯಲ್ಲಿ ಅದನ್ನು ಎರಡಾಗಿ ಒಡೆದರು: ಸಭೆಯ ಮುಖ್ಯಸ್ಥನಾಗಿ ಸಂಬಳವಿಲ್ಲದ ಅಧ್ಯಕ್ಷ, ಕಚೇರಿಯ ಮುಖ್ಯಸ್ಥನಾಗಿ ಸಂಬಳದ ನಿರ್ದೇಶಕ. ಈ ಎರಡು ತಲೆಯ ವ್ಯವಸ್ಥೆ ನೀಡರ್‌ಸಾಕ್ಸೆನ್‌ನಲ್ಲಿ ಅರ್ಧ ಶತಮಾನ ನಡೆಯಿತು. 1996ರ ಸುಧಾರಣೆಯಲ್ಲಿ ಅದನ್ನು ಕೈಬಿಟ್ಟರು. ಈಗ ಬ್ಯುರ್ಗರ್‌ಮೈಸ್ಟರ್ ಎಂಬ ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸುತ್ತಾರೆ, ಅವರೇ ಪೂರ್ಣಕಾಲದ ಸಂಬಳ ಪಡೆದು ಕಚೇರಿಯನ್ನೂ ನಡೆಸುತ್ತಾರೆ.

ಡೊರ್ನುಮಿನ ಇಂದಿನ ಆಡಳಿತದ ಗಡಿ ಇನ್ನೂ ಹೊಸದು. ಮೊದಲು ಇಲ್ಲಿಯ ಪ್ರತಿ ಹಳ್ಳಿಯೂ ತನ್ನದೇ ಪುಟ್ಟ ಗೆಮೈಂಡೆ. ಅವೆಲ್ಲ ಸೇರಿ ಒಂದು ಕೂಡುಸಂಸ್ಥೆ ಮಾಡಿಕೊಂಡು ಕಚೇರಿಯ ಕೆಲಸವನ್ನು ಒಟ್ಟಿಗೆ ನಡೆಸುತ್ತಿದ್ದವು. ಇದಕ್ಕೆ ಜಾಮ್ಟ್‌ಗೆಮೈಂಡೆ ಎನ್ನುತ್ತಾರೆ. 2001ರಲ್ಲಿ ಆ ಹಳ್ಳಿಗಳು ತಮ್ಮ ಪ್ರತ್ಯೇಕ ಸಭೆಗಳನ್ನು ಬಿಟ್ಟುಕೊಟ್ಟು ಡೊರ್ನುಮ್ ಎಂಬ ಒಂದೇ ಗೆಮೈಂಡೆಯಾದವು. ಜಿಲ್ಲೆಯೂ ಬದಲಾಗಿದೆ: 1977ರವರೆಗೆ ಅವರ ಜಿಲ್ಲಾ ಕೇಂದ್ರ ಹತ್ತಿರದ ನೋರ್ಡನ್ ಪಟ್ಟಣ, ಆಮೇಲೆ ಆ ಜಿಲ್ಲೆಯನ್ನೇ ಔರಿಶ್ ಜಿಲ್ಲೆಯಲ್ಲಿ ಸೇರಿಸಿದರು.

ರಾಟ್ ಎಂಬ ಸಭೆಗೆ ಈ ಜನಸಂಖ್ಯೆಗೆ ಕಾನೂನಿನ ಪ್ರಕಾರ 14 ಸದಸ್ಯರು, ಅಧ್ಯಕ್ಷರು ಪದವಿಯ ಬಲದಿಂದ ಹದಿನೈದನೆಯವರು. ಸಭೆಯ ಅವಧಿ ಐದು ವರ್ಷ. ಸದಸ್ಯರು ರೈತರು, ಶಿಕ್ಷಕರು, ಅಂಗಡಿಯವರು, ನಿವೃತ್ತರು ಹೀಗೆ ಯಾರೂ ಆಗಿರಬಹುದು. ಸಭೆಗೆ ಬರುವುದಕ್ಕೆ ಸಣ್ಣ ಭತ್ಯೆಯುಂಟು, ಸಂಬಳವಿಲ್ಲ. ಮತ ಹಾಕುವ ರೀತಿ ನನಗೆ ಹೊಸದಾಗಿತ್ತು. ಪ್ರತಿ ಮತದಾರರಿಗೂ ಮೂರು ಮತ. ಮೂರನ್ನೂ ಒಬ್ಬರಿಗೇ ಕೊಡಬಹುದು, ಒಂದೇ ಪಕ್ಷದ ಮೂವರಿಗೆ ಹಂಚಬಹುದು, ಇಲ್ಲವೆ ಮೂರು ಬೇರೆ ಬೇರೆ ಪಕ್ಷಗಳ ಮೂವರಿಗೂ ಕೊಡಬಹುದು. ಸಣ್ಣ ಊರಿನಲ್ಲಿ ಇದರ ಅರ್ಥ ದೊಡ್ಡದು. ಪಕ್ಷ ಒಪ್ಪದಿದ್ದರೂ ಆ ಮನುಷ್ಯ ಒಳ್ಳೆಯವನು ಎಂದು ತಿಳಿದ ಮತದಾರ ಅವನಿಗೂ ಒಂದು ಮತ ಕೊಡಬಲ್ಲ. ಪಕ್ಷಗಳಿಗೆ ಸೇರದ ಮತದಾರರ ಕೂಟಗಳೂ ಸ್ಪರ್ಧಿಸುವುದುಂಟು. 16 ವರ್ಷ ತುಂಬಿದವರಿಗೆ 1996ರಿಂದ ಸ್ಥಳೀಯ ಚುನಾವಣೆಯಲ್ಲಿ ಮತವಿದೆ, ಊರಲ್ಲಿ ನೆಲೆಸಿದ ಯುರೋಪ್ ಒಕ್ಕೂಟದ ಇತರ ದೇಶದವರಿಗೂ ಇದೆ. ಶಾಲೆಗೆ ಹೋಗುವ ಹುಡುಗಿಗೆ ತನ್ನ ಬಸ್ಸು, ತನ್ನ ಆಟದ ಬಯಲಿನ ಬಗ್ಗೆ ನಿರ್ಧರಿಸುವವರನ್ನು ಆರಿಸುವ ಹಕ್ಕು ಇರುವುದು ಸರಿಯಾದ ಕ್ರಮವೆಂದೇ ನನ್ನ ಅಭಿಪ್ರಾಯ.

ಸಭೆ ಮತ್ತು ಅಧ್ಯಕ್ಷರ ನಡುವೆ ಆಡಳಿತ ಸಮಿತಿ ಎಂಬ ಮೂರನೆಯ ಅಂಗವೊಂದಿದೆ. ಸಭೆಯ ಕೆಲವು ಸದಸ್ಯರೂ ಅಧ್ಯಕ್ಷರೂ ಸೇರಿ ನಿರ್ಣಯಗಳನ್ನು ಸಿದ್ಧಪಡಿಸುವ ಈ ಸಮಿತಿ ಮುಚ್ಚಿದ ಬಾಗಿಲ ಹಿಂದೆ ಸೇರುತ್ತದೆ. ಪೂರ್ಣ ಸಭೆಯಾದರೋ ತೆರೆದ ಸಭೆ, ಯಾರು ಬೇಕಾದರೂ ಹಿಂದೆ ಕುಳಿತು ಕೇಳಬಹುದು. ಊರವರು ಪ್ರಶ್ನೆ ಕೇಳಲೆಂದೇ ಸಮಯ ಮೀಸಲಿಡಲು ಕಾನೂನಿನಲ್ಲಿ ಅವಕಾಶವಿದೆ. ಮುಚ್ಚಿದ ಸಮಿತಿಯಲ್ಲೇ ಎಲ್ಲ ತೀರ್ಮಾನವಾಗಿ ತೆರೆದ ಸಭೆ ಬರಿಯ ಕೈಯೆತ್ತುವ ಸಭೆಯಾಗುವ ಅಪಾಯ ಈ ಏರ್ಪಾಡಿನಲ್ಲಿ ಇದ್ದೇ ಇದೆ. ಅದನ್ನು ತಡೆಯುವುದು ಹಿಂದಿನ ಬೆಂಚಿನಲ್ಲಿ ಬಂದು ಕೂರುವ ಜನರಿಂದ ಮಾತ್ರ ಸಾಧ್ಯ.

ಇಷ್ಟು ಸಣ್ಣ ಸಂಸ್ಥೆಯ ಕೆಲಸವೇನು ಎಂದರೆ, ಶಿಶುವಿಹಾರ, ಪ್ರಾಥಮಿಕ ಶಾಲೆಯ ಕಟ್ಟಡ, ಊರೊಳಗಿನ ರಸ್ತೆ, ಎಲ್ಲಿ ಮನೆ ಕಟ್ಟಬಹುದು ಎಲ್ಲಿ ಕೂಡದು ಎಂಬ ನಕ್ಷೆ, ಅಗ್ನಿಶಾಮಕ ದಳ, ಪ್ರವಾಸೋದ್ಯಮ. ಅಗ್ನಿಶಾಮಕದವರು ಊರಿನ ಸ್ವಯಂಸೇವಕರೇ. ಗಂಟೆ ಬಡಿದರೆ ಹಾಲು ಕರೆಯುವುದನ್ನು ಬಿಟ್ಟು ಓಡಿಬರುತ್ತಾರೆ. ಕಸ ವಿಲೇವಾರಿ, ದೊಡ್ಡ ಶಾಲೆಗಳಂಥವು ಹೆಚ್ಚಾಗಿ ಜಿಲ್ಲೆಯ ಹೊಣೆ. ಹಣ ಬರುವುದು ಭೂಮಿ ತೆರಿಗೆಯಿಂದ, ಉದ್ಯಮಗಳ ತೆರಿಗೆಯಿಂದ, ಆದಾಯ ತೆರಿಗೆಯಲ್ಲಿ ಗೆಮೈಂಡೆಗಳಿಗೆ ಸಲ್ಲುವ ಶೇಕಡಾ 15ರ ಪಾಲಿನಿಂದ, ಕಡಲ ತೀರಕ್ಕೆ ಬರುವ ಅತಿಥಿಗಳು ತಂಗುವ ಪ್ರತಿ ದಿನಕ್ಕೆ ಕೊಡುವ ಸಣ್ಣ ಶುಲ್ಕದಿಂದ. ಭೂಮಿ ಮತ್ತು ಉದ್ಯಮ ತೆರಿಗೆಯ ಪ್ರಮಾಣವನ್ನು ಏರಿಸುವ ಇಳಿಸುವ ಅಧಿಕಾರ ಸಭೆಯದೇ. ಜರ್ಮನಿಯ 1949ರ ಸಂವಿಧಾನದ 28ನೆಯ ವಿಧಿ ಊರಿನ ಎಲ್ಲ ವಿಷಯಗಳನ್ನು ಕಾನೂನಿನ ಚೌಕಟ್ಟಿನಲ್ಲಿ ಊರೇ ತನ್ನ ಹೊಣೆಯಲ್ಲಿ ನಡೆಸಿಕೊಳ್ಳುವ ಹಕ್ಕನ್ನು ಕೊಡುತ್ತದೆ. ಆದರೆ ಆ ಹಕ್ಕಿನ ಅಳತೆ ಕೊನೆಗೆ ಬೊಕ್ಕಸದ ಅಳತೆಯೇ. ಬಂದದ್ದರಲ್ಲಿ ದೊಡ್ಡ ಭಾಗವನ್ನು ಜಿಲ್ಲೆಗೆ ಕಟ್ಟಿ, ಕಡ್ಡಾಯದ ಕೆಲಸಗಳಿಗೆ ತೆಗೆದಿಟ್ಟ ಮೇಲೆ ಸ್ವಂತ ಇಚ್ಛೆಗೆ ಉಳಿಯುವುದು ಅಲ್ಪ.

ಬೇಸಾಯ ಮತ್ತು ಪ್ರವಾಸಿಗರ ಜೊತೆಗೆ ಇಲ್ಲಿ ಒಂದು ಅನಿರೀಕ್ಷಿತ ಉದ್ಯಮವೂ ಇದೆ. ನಾರ್ವೆಯ ಕಡಲಾಳದ ಅನಿಲವನ್ನು ಜರ್ಮನಿಗೆ ತರುವ ಯುರೋಪೈಪ್ ಎಂಬ ಕೊಳವೆ ಮಾರ್ಗ 600 ಕಿಲೋಮೀಟರಿಗೂ ಹೆಚ್ಚು ದೂರ ಸಮುದ್ರದ ತಳದಲ್ಲಿ ಹರಿದು 1995ರಲ್ಲಿ ದಡ ಮುಟ್ಟಿದ್ದು ಡೊರ್ನುಮಿನ ಬಳಿಯೇ. ವಾಟ್‌ನ ಸೂಕ್ಷ್ಮ ಕೆಸರು ಬಯಲನ್ನು ಅಗೆಯಬಾರದೆಂದು ಅದರ ಅಡಿಯಲ್ಲಿ ಸುರಂಗ ಕೊರೆದು ಕೊಳವೆ ತಂದರು. ದೇಶದ ಅದೆಷ್ಟೋ ಮನೆಗಳನ್ನು ಬೆಚ್ಚಗಿಡುವ ಅನಿಲ ಹುಲ್ಲುಗಾವಲಿನ ಕೆಳಗೆ ಸದ್ದಿಲ್ಲದೆ ಹಾಯುತ್ತದೆ, ಆದರೆ ಊರಿಗೆ ರೈಲು ಮಾತ್ರ ಇಲ್ಲ. ನೋರ್ಡನ್‌ನಿಂದ ಎಸೆನ್ಸ್‌ಗೆ ಹೋಗುತ್ತಿದ್ದ ಕರಾವಳಿ ರೈಲಿನ ಪ್ರಯಾಣಿಕ ಸೇವೆ 1983ರಲ್ಲಿ ನಿಂತುಹೋಯಿತು. ಡೊರ್ನುಮಿನಿಂದಾಚೆಯ ಹಳಿಗಳನ್ನು ಕಿತ್ತರು. ನೋರ್ಡನ್ ಮತ್ತು ಡೊರ್ನುಮ್ ನಡುವಿನ ಹಳಿಯನ್ನು ರೈಲುಪ್ರೇಮಿಗಳು ಉಳಿಸಿಕೊಂಡು ಅದರ ಮೇಲೆ ಹಳೆಯ ಗಾಡಿಗಳನ್ನು ಓಡಿಸುತ್ತಾರೆ. ನಾನು ಬಸ್ಸಿನಲ್ಲಿ ಹೋದೆ.

ಮಾತಿನ ಬಗ್ಗೆ ಒಂದೆರಡು ಸಾಲು. ಫ್ರೀಸಿಯನ್ನರ ಮೂಲ ಭಾಷೆ ಈ ಕರಾವಳಿಯಲ್ಲಿ ಶತಮಾನಗಳ ಹಿಂದೆಯೇ ಅಳಿಯಿತು. ಪೂರ್ವ ಫ್ರೀಸಿಯನ್ನಿನ ಕೊನೆಯ ಕುಡಿ ಒಳನಾಡಿನ ಸಾಟರ್‌ಲಾಂಡ್ ಎಂಬ ಚಿಕ್ಕ ಪ್ರದೇಶದಲ್ಲಿ ಮಾತ್ರ ಉಸಿರಾಡುತ್ತಿದೆ. ಡೊರ್ನುಮಿನ ಹಿರಿಯರು ಮನೆಯಲ್ಲಿ ಆಡುವುದು ಪ್ಲಾಟ್ ಎಂಬ ನುಡಿ, ಅದು ಶಾಲೆಯ ಜರ್ಮನ್‌ಗಿಂತ ಬಹಳ ಬೇರೆ. ದಿನದ ಯಾವ ಹೊತ್ತಿನಲ್ಲಿ ಎದುರಾದರೂ ‘ಮೋಯಿನ್’ ಎನ್ನುತ್ತಾರೆ, ಅಷ್ಟಕ್ಕೇ ನಿಲ್ಲಿಸುತ್ತಾರೆ. ಆದರೆ ಚಹಾದ ಮುಂದೆ ಕೂತರೆ ಮಾತು ಬರುತ್ತದೆ. ಓಸ್ಟ್‌ಫ್ರೀಸ್‌ಲಾಂಡಿನವರು ತಲಾ ವರ್ಷಕ್ಕೆ ಸುಮಾರು 300 ಲೀಟರ್ ಚಹಾ ಕುಡಿಯುತ್ತಾರೆ. ಎಲೆ ಹೆಚ್ಚಾಗಿ ನಮ್ಮ ಅಸ್ಸಾಮಿನದು. ಬಟ್ಟಲಿಗೆ ಮೊದಲು ದಪ್ಪ ಕಲ್ಲುಸಕ್ಕರೆ, ಅದರ ಮೇಲೆ ಬಿಸಿ ಚಹಾ ಸುರಿದಾಗ ಸಕ್ಕರೆ ಚಟಪಟ ಬಿರಿಯುವ ಸದ್ದು, ಆಮೇಲೆ ಅಂಚಿನಲ್ಲಿ ನಿಧಾನವಾಗಿ ಬಿಡುವ ಕೆನೆ. ಕಲಕಬಾರದು. ಮೊದಲು ಕೆನೆಯ ಮೃದು, ನಡುವೆ ಚಹಾದ ಒಗರು, ಕೊನೆಗೆ ಸಿಹಿ. ಮೂರು ಬಟ್ಟಲು ಕುಡಿಯದೆ ಏಳುವುದು ಅಲ್ಲಿ ಮರ್ಯಾದೆಯಲ್ಲ.

ಒಡ್ಡಿನ ಕತೆಗೆ ಹಿಂತಿರುಗುತ್ತೇನೆ, ಏಕೆಂದರೆ ಅಲ್ಲಿಯ ಆಡಳಿತ ಗೆಮೈಂಡೆಯ ಕಚೇರಿಗೆ ಮುಗಿಯುವುದಿಲ್ಲ. ಇಂದಿಗೂ ಒಡ್ಡನ್ನು ಕಾಯುವುದು ಗೆಮೈಂಡೆಯಲ್ಲ, ಡೈಶ್‌ಆಖ್ಟ್ ಎಂಬ ಬೇರೆಯದೇ ಸ್ವಾಯತ್ತ ಸಂಘ. ಒಡ್ಡಿನ ರಕ್ಷಣೆಯಲ್ಲಿರುವ ಭೂಮಿಯ ಮಾಲೀಕರೆಲ್ಲ ಕಾನೂನಿನ ಪ್ರಕಾರ ಅದರ ಸದಸ್ಯರು, ಎಲ್ಲರೂ ವಂತಿಗೆ ಕಟ್ಟಬೇಕು. ನೀರನ್ನು ಹೊರಹಾಕುವ ಕಾಲುವೆ, ತೂಬು, ಪಂಪುಗಳನ್ನು ನೋಡಿಕೊಳ್ಳಲು ಇಂಥದೇ ಇನ್ನೊಂದು ಬಗೆಯ ಸಂಘ. ಡೈಶ್‌ಆಖ್ಟ್‌ನ ಪದಾಧಿಕಾರಿಗಳನ್ನು ಈಗಲೂ ‘ಒಡ್ಡಿನ ನ್ಯಾಯಾಧೀಶ’ ಎಂಬರ್ಥದ ಹಳೆಯ ಹೆಸರಿನಿಂದಲೇ ಕರೆಯುತ್ತಾರೆ. 1962ರ ಫೆಬ್ರವರಿಯ ಬಿರುಗಾಳಿ ಉತ್ತರ ಜರ್ಮನಿಯ ಒಡ್ಡುಗಳನ್ನು ಅನೇಕ ಕಡೆ ಒಡೆದು ಹಾಂಬುರ್ಗ್‌ನಲ್ಲಿ ನೂರಾರು ಜನರನ್ನು ಕೊಂದ ಮೇಲೆ, ನೀಡರ್‌ಸಾಕ್ಸೆನ್ 1963ರಲ್ಲಿ ಒಡ್ಡಿನ ಕಾನೂನನ್ನು ಹೊಸದಾಗಿ ಬರೆಯಿತು. ದೊಡ್ಡ ನಿರ್ಮಾಣಕ್ಕೆ ಸರ್ಕಾರದ ಹಣ ಬರುತ್ತದೆ, ದಿನದಿನದ ಕಾವಲು ಊರವರದೇ. ಬಿರುಗಾಳಿಯ ಕಾಲಕ್ಕೆ ಮೊದಲು ಮತ್ತು ಅದು ಕಳೆದ ಮೇಲೆ ಅವರು ಒಡ್ಡಿನ ಉದ್ದಕ್ಕೂ ನಡೆದು ಬಿಲ, ಬಿರುಕು, ಕೊರೆತಗಳನ್ನು ಪರೀಕ್ಷಿಸುತ್ತಾರೆ. ಸಮುದ್ರದ ಮಟ್ಟ ಏರುತ್ತಿರುವ ಈ ದಿನಗಳಲ್ಲಿ ಒಡ್ಡನ್ನು ಇನ್ನಷ್ಟು ಎತ್ತರಿಸುವುದು, ಅದಕ್ಕೆ ಬೇಕಾದ ಜೇಡಿಯನ್ನು ಎಲ್ಲಿಂದ ತರುವುದು, ಯಾರ ಹುಲ್ಲುಗಾವಲನ್ನು ಅಗೆಯುವುದು ಎಂಬುದೇ ಕರಾವಳಿಯ ದೊಡ್ಡ ಚರ್ಚೆ.

ರೆಸ್ಟರ್‌ಹಾಫೆಗೆ ನಾನು ಎರಡನೆಯ ದಿನ ಬೆಳಿಗ್ಗೆ ನಡೆದು ಹೋದೆ. ಹಳೆಯ ಇಟ್ಟಿಗೆಯ ಚರ್ಚು, ಅದರ ಸುತ್ತ ಗೋರಿಗಳು, ಕೆಲವು ಮನೆಗಳು, ಆಚೆಗೆ ಬರೀ ಬಯಲು. ಮುಂದೆ ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಅಚ್ಚು ಹಾಕಿಸಿದ ಮನುಷ್ಯ ಮೊದಲ ಉಸಿರೆಳೆದದ್ದು ಈ ಗಾಳಿಯಲ್ಲಿ. ಅವರು ತೀರಿಕೊಂಡದ್ದು ಇಲ್ಲಿಂದ ಬಹಳ ದೂರ, ದಕ್ಷಿಣದ ಟ್ಯೂಬಿಂಗೆನ್‌ನಲ್ಲಿ, 1903ರಲ್ಲಿ. ಸ್ವಲ್ಪ ಹೊತ್ತು ಚರ್ಚಿನ ಗೋಡೆಗೊರಗಿ ನಿಂತು, ಅಲ್ಲಿಂದ ನೆಸ್ಮರ್‌ಜೀಲ್‌ಗೆ ಹೊರಟೆ.

ಬಾಲ್ಟ್ರುಮಿಗೆ ಹೋಗುವ ಹಡಗಿನ ವೇಳಾಪಟ್ಟಿ ಅಲ್ಲಿ ತೂಗುಹಾಕಿತ್ತು. ಇಂದು ಹೊರಡುವ ಸಮಯ ನಾಳೆಯದಲ್ಲ, ನಾಳೆಯದು ನಾಡಿದ್ದಿನದಲ್ಲ. ಭರತ ಬಂದು ಹಡಗು ತೇಲುವಷ್ಟು ನೀರಾದಾಗ ಮಾತ್ರ ಅದು ಹೊರಡುತ್ತದೆ. ಅಂದಿನ ಹಡಗಿಗೆ ಇನ್ನೂ ಮೂರು ಗಂಟೆ ಇತ್ತು. ಒಡ್ಡಿನ ಮೇಲೆ, ಕುರಿಗಳ ನಡುವೆ, ನೀರು ಬರುವುದನ್ನು ನೋಡುತ್ತ ಕುಳಿತೆ.